ಮೂರನೆಯ ಪೆಟ್ಟಿಗೆಯ ಸಂತತಿ

ಸೀತುವಿನ ಒಂಬತ್ತು ಜೇನುಗೂಡುಗಳ ರಾಣಿಗಳನ್ನು ನಾನು ಈ ಹೆಬ್ಬೆರಳಿನಿಂದಲೇ ಹೊಸಕಿ ಕೊಂದವನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಗೆ ಇಟ್ಟುಕೊಂಡರೆ ನಡುವೆ ನನ್ನ ಬಗ್ಗೆ ನಾನೇ ನಾಲ್ಕು ಒಳ್ಳೆಯ ಮಾತು ಬರೆದುಕೊಂಡೇನು.

ನಮ್ಮ ಬೈಲು ಕಲ್ಲುಗುಂಡಿಯಿಂದ ಒಳಗೆ ಎರಡು ಮೈಲು. ಮೂರು ಕಡೆ ಗುಡ್ಡೆ, ಒಂದು ಕಡೆ ಹೊಳೆ, ನಡುವೆ ಹದಿನಾಲ್ಕು ಮನೆ. ನಾನು ಓದಿದ್ದು ಐದನೇ ಕ್ಲಾಸು. ಸಾವಿರದ ಒಂಬೈನೂರ ಐವತ್ತಾರರಲ್ಲಿ ಪುತ್ತೂರಿನಲ್ಲಿ ಹತ್ತು ದಿನ ಜೇನು ಸಾಕಣೆಯ ತರಬೇತಿ ಕೊಡುತ್ತಾರೆಂದು ಕೇಳಿ ಹೋದೆ. ಬರುವಾಗ ನಾಲ್ಕು ಮರದ ಪೆಟ್ಟಿಗೆ ತಂದೆ. ಬೈಲಿನಲ್ಲಿ ಪೆಟ್ಟಿಗೆಯಲ್ಲಿ ಜೇನು ಸಾಕಿದ ಮೊದಲಿಗ ನಾನೇ. ಆ ಅಹಂಕಾರ ತಲೆಗೆ ಹತ್ತಲು ಒಂದು ವರ್ಷವೂ ಬೇಕಾಗಲಿಲ್ಲ.

ನಾಲ್ಕರಲ್ಲಿ ಮೂರು ಪೆಟ್ಟಿಗೆಗಳು ವರ್ಷಕ್ಕೆ ಎಂಟು ಹತ್ತು ರಾತಲು ಜೇನು ಕೊಟ್ಟರೆ, ಮೂರನೆಯ ನಂಬರಿನ ಪೆಟ್ಟಿಗೆ ಇಪ್ಪತ್ತೆಂಟು ರಾತಲು ಕೊಟ್ಟಿತು. ಹುಳಗಳು ಸಾಧು. ಬರಿಗೈಯಲ್ಲಿ ಜೇನಿನ ಎರಿ ಎತ್ತಿದರೂ ಕುಟುಕುತ್ತಿರಲಿಲ್ಲ. ಬಿತ್ತನೆಗೆ ಒಳ್ಳೆಯ ತೆನೆ ಆರಿಸಿ ಇಡುವವರು ನಾವು. ಹಾಗಾದರೆ ಜೇನಿನಲ್ಲಿಯೂ ಒಳ್ಳೆಯ ಬೀಜವನ್ನೇ ಇಟ್ಟುಕೊಂಡು ಕೆಟ್ಟದ್ದನ್ನು ತೆಗೆದುಹಾಕಿದರಾಯಿತು ಎಂದು ಲೆಕ್ಕ ಹಾಕಿದೆ. ಗುಣವೆಲ್ಲ ರಾಣಿಯ ಹೊಟ್ಟೆಯಲ್ಲಿದೆ, ರಾಣಿ ಬದಲಾದರೆ ಗೂಡು ಬದಲಾಗುತ್ತದೆ. ಇಷ್ಟೇ ನನ್ನ ಶಾಸ್ತ್ರ.

ಅದನ್ನು ಮನೆಮನೆಗೆ ಹೋಗಿ ಹೇಳಿದೆ. ಮೂರನೆಯ ಪೆಟ್ಟಿಗೆಯ ಹುಳಗಳು ಎರಡು ಗುಂಪಾಗಿ ಪಾಲಾಗುವ ಕಾಲದಲ್ಲಿ ಎರಿಯ ಅಂಚಿಗೆ ಕಟ್ಟಿದ, ಹೊಸ ರಾಣಿ ಬೆಳೆಯುವ ರಾಣಿಕೋಶಗಳನ್ನು ಚೂರಿಯಿಂದ ಕತ್ತರಿಸಿ, ಬೇರೆ ಗೂಡುಗಳ ರಾಣಿ ಕೊಂದು, ಅಲ್ಲಿ ಕಟ್ಟಿದೆ. ಗಂಡು ಹುಳದ ಕೋಣೆಗಳಿಗೆ ಮೇಲೆ ಒಂದು ಸೂಜಿತೂತಿನ ಮುಚ್ಚಳ ಇರುತ್ತದೆ. ಗುರುತು ಹಿಡಿಯುವುದು ಸುಲಭ. ಮೂರನೆಯ ಸಂತತಿಯದ್ದಲ್ಲದ ಗೂಡಿನಲ್ಲಿ ಅದು ಕಂಡರೆ ಕೊರೆದು ಕೋಳಿಗೆ ಹಾಕಿಸಿದೆ. ಗುಡ್ಡೆಯ ಮರದ ಪೊಟರೆಗಳಲ್ಲಿದ್ದ ಗೂಡುಗಳನ್ನೆಲ್ಲ ಹುಡುಗರ ತಂಡ ಮಾಡಿ ಇಳಿಸಿ ಪೆಟ್ಟಿಗೆಗೆ ತುಂಬಿಸಿದೆವು. ಅವುಗಳ ರಾಣಿಯನ್ನೂ ಬದಲಿಸಿದೆವು. ನಾಲ್ಕು ವರ್ಷದಲ್ಲಿ ಬೈಲಿನಲ್ಲಿ ಅರವತ್ತು ಪೆಟ್ಟಿಗೆ, ಅರವತ್ತೂ ಮೂರನೆಯ ಪೆಟ್ಟಿಗೆಯ ಮಕ್ಕಳು ಮೊಮ್ಮಕ್ಕಳು.

ಉಳಿದದ್ದು ಸೀತು ಒಬ್ಬಳೇ.

ಸೀತು ಕಾಡಿನ ಜನರಾದ ಮಲೆಕುಡಿಯರ ಹೆಂಗಸು, ವಿಧವೆ. ನನ್ನ ತೋಟದ ಮೇಲಿನ ಗುಡ್ಡೆಯ ಅಂಚಿನಲ್ಲಿ ಅವಳ ಮನೆ. ಹದಿನಾಲ್ಕು ಮನೆಗೂ ನೇಜಿ ನೆಡಲು, ಕಳೆ ಕೀಳಲು, ಭತ್ತ ಕುಟ್ಟಲು ಬರುತ್ತಿದ್ದವಳು. ಅವಳ ಅಂಗಳದಲ್ಲಿ ಒಂಬತ್ತು ಮಣ್ಣಿನ ಮಡಕೆಗಳನ್ನು ಕವುಚಿ ಇಟ್ಟು ಅದರಲ್ಲಿ ಜೇನು ಇಟ್ಟುಕೊಂಡಿದ್ದಳು. ಸಣ್ಣ ಕಪ್ಪು ಹುಳಗಳು. ಹತ್ತಿರ ಹೋದರೆ ಮುಖಕ್ಕೇ ಬರುತ್ತಿದ್ದವು. ಪಾಲಾಗಿ ಹಾರಿಹೋದರೆ ಅವಳು ಹಿಂದೆ ಓಡುತ್ತಿರಲಿಲ್ಲ. ಅರ್ಧ ಎರಿ ಕೊಯ್ದು ಅರ್ಧ ಬಿಡುತ್ತಿದ್ದಳು. ನನಗೆ ಇದು ಸೋಮಾರಿಗಳ ಸಾಕಣೆ ಎಂದು ಕಾಣುತ್ತಿತ್ತು.

ಅರವತ್ತನೇ ಇಸವಿಯ ಜನವರಿಯಲ್ಲಿ ನಾನು ಅವಳ ಅಂಗಳಕ್ಕೆ ಹೋಗಿ ರಾಣಿ ಬದಲಿಸುವ ಮಾತು ತೆಗೆದೆ.

"ನಿನ್ನ ಗಂಡು ಹುಳಗಳು ಬಂದು ನಮ್ಮ ಬೀಜ ಹಾಳು ಮಾಡ್ತಾವೆ, ಸೀತು. ಕಾಡಿನ ರಕ್ತ ಬೆರೆತರೆ ನಾಲ್ಕು ವರ್ಷದ ಕೆಲಸ ನೀರಿಗೆ ಹೋಯ್ತು."

ಅವಳು ಅಂಗಳ ಗುಡಿಸುತ್ತಿದ್ದವಳು ನಿಲ್ಲಿಸಲಿಲ್ಲ. "ನಿಮ್ಮ ಹುಳ ಕಚ್ಚುದಿಲ್ಲ ಅಂತೆ, ಹೌದಾ ಗೌಡ್ರೆ?"

"ಇಲ್ಲ. ಮಕ್ಕಳೂ ಮುಟ್ಟಬಹುದು."

"ಹಾಗಾದ್ರೆ ಕಣಜದ ಹುಳ ಬಂದ್ರೆ ಎಂತ ಮಾಡ್ತಾವೆ? ಕೂರ್ಲಿಕ್ಕೆ ಚಾಪೆ ಹಾಕ್ತಾವಾ?"

ನನ್ನ ಜೊತೆಗೆ ಬಂದಿದ್ದ ಇಬ್ಬರು ನಕ್ಕರು. ಆ ನಗೆಯನ್ನು ನನಗೆ ತಡೆಯಲಾಗಲಿಲ್ಲ. ನನ್ನ ಸಿಟ್ಟು ಬೈಲಿಗೆಲ್ಲ ಗೊತ್ತಿರುವುದೇ. ಮರುದಿನ ಬೆಳಿಗ್ಗೆ ಅದೇ ಇಬ್ಬರನ್ನು ಕರೆದುಕೊಂಡು ಹೋಗಿ, ಹೊಗೆ ಹಾಕಿ, ಅವಳ ಒಂಬತ್ತೂ ಮಡಕೆಗಳನ್ನು ಎತ್ತಿದೆ. ಅವಳು ಬಾಗಿಲಲ್ಲಿ ನಿಂತು, "ಬೇಡ ಗೌಡ್ರೆ, ನನ್ನ ಹುಳ ನನಗಿರ್ಲಿ" ಎಂದಳು. ಎರಡು ಸಲ ಹೇಳಿದಳು. ಮೂರನೆಯ ಸಲ ಹೇಳಲಿಲ್ಲ. ನಾನು ರಾಣಿಗಳನ್ನು ಹುಡುಕಿ ಹುಡುಕಿ ಕಲ್ಲಿನ ಮೇಲಿಟ್ಟು ಹೆಬ್ಬೆರಳಿನಿಂದ ಒತ್ತಿದೆ.

ಸತ್ತ ರಾಣಿಯ ವಾಸನೆ ಬೆರಳಿಗೆ ಅಂಟಿಕೊಂಡಿತ್ತು. ಅವಳ ಹುಳಗಳು ಬಂದು ನನ್ನ ಹೆಬ್ಬೆರಳಿನ ಮೇಲೆ ಗುಂಪುಗಟ್ಟಿ ಕುಳಿತವು. ಕುಟುಕಲಿಲ್ಲ, ತಾಯಿಯೆಂದು ತಿಳಿದು ನೆಕ್ಕಿದವು. ಮನೆಗೆ ಬರುವವರೆಗೂ ಹಿಂದೆ ಬಂದವು. ನಾನು ಕೈ ಎತ್ತಿ ಹಿಡಿದು ಎಲ್ಲರಿಗೂ ತೋರಿಸುತ್ತಾ ಬಂದೆ. ತಮಾಷೆಯಾಗಿ ಕಂಡಿತ್ತು ಆಗ.

ಸೀತುವಿನ ಮಡಕೆಗಳಲ್ಲಿ ಕಟ್ಟಿದ ನನ್ನ ರಾಣಿಕೋಶಗಳು ನಿಲ್ಲಲಿಲ್ಲ. ಮೂರು ಗೂಡು ಹಾರಿಹೋದವು, ಉಳಿದವು ಮಳೆಗಾಲ ದಾಟಲಿಲ್ಲ. ಅವಳು ಮಡಕೆಗಳನ್ನು ತೊಳೆದು ಒಳಗಿಟ್ಟಳು. ನನ್ನ ಮನೆಯ ಕೆಲಸಕ್ಕೆ ಮಾತ್ರ ಬರುವುದನ್ನು ನಿಲ್ಲಿಸಿದಳು.

ಆ ಮಳೆಗಾಲ ಕಳೆದು ಎರಡು ವರ್ಷ ನಮ್ಮ ಪೆಟ್ಟಿಗೆಗಳು ಚೆನ್ನಾಗಿ ನಡೆದವು. ಅರವತ್ತಮೂರರ ಜನವರಿಯಲ್ಲಿ ಎರಿ ಎತ್ತಿ ನೋಡಿದರೆ ಮರಿಗಳ ಕೋಣೆಗಳು ಒಂದು ತುಂಬಿದೆ, ಒಂದು ಖಾಲಿ, ಎರಡು ತುಂಬಿದೆ, ಮೂರು ಖಾಲಿ. ಇಲಿ ಕಡಿದ ಚಾಪೆಯ ಹಾಗೆ. ರಾಣಿ ಮೊಟ್ಟೆ ಇಡುತ್ತಿದ್ದಾಳೆ. ಪ್ರತಿ ಕೋಣೆಯ ತಳದಲ್ಲಿ ನೂಲಿನ ತುಂಡಿನಂತೆ ಮೊಟ್ಟೆ ನಿಂತಿರುವುದನ್ನು ನಾನೇ ಕಂಡೆ. ನಾಲ್ಕು ದಿನ ಬಿಟ್ಟು ನೋಡಿದರೆ ಅರ್ಧ ಮಾಯ. ಸತ್ತ ಮರಿ ಇಲ್ಲ, ಕೊಳೆತ ವಾಸನೆ ಇಲ್ಲ. ರಾಣಿ ಬದಲಿಸಿದೆ. ಹೊಸ ರಾಣಿಯದ್ದೂ ಅದೇ ಕಥೆ. ಆ ವರ್ಷ ಹುಳ ಕಡಿಮೆಯಾಯಿತು. ಬಲ ಕಡಿಮೆಯಾದ ಪೆಟ್ಟಿಗೆಗಳಿಗೆ ಕಣಜ ನುಗ್ಗಿತು, ಎರಿ ತಿನ್ನುವ ಮೇಣದ ಹುಳ ಹತ್ತಿತು. ವರ್ಷದ ಕೊನೆಗೆ ಅರವತ್ತರಲ್ಲಿ ಇಪ್ಪತ್ತೆರಡು ಉಳಿದವು.

ಬೈಲಿನವರು ನನ್ನ ಮುಖ ನೋಡತೊಡಗಿದರು. ನನ್ನ ಮಾತು ನಂಬಿದವರು ಅವರು. ತಪ್ಪು ನನ್ನದಿರಬಹುದು ಎಂಬ ಯೋಚನೆ ನನಗೆ ಒಂದು ಕ್ಷಣವೂ ಬರಲಿಲ್ಲ. ಯಾರೋ ಮದ್ದು ಹಾಕಿದ್ದಾರೆ, ವಿಷ ಇಟ್ಟಿದ್ದಾರೆ ಎಂದೆ. ಯಾರು ಎಂದು ಕೇಳಿದರು.

"ಯಾರ ರಾಣಿಗಳನ್ನು ನಾನು ಕೊಂದೆನೋ ಅವಳೇ" ಎಂದೆ.

ನಮ್ಮಲ್ಲಿ ಹೀಗೊಂದು ಮಾತು ಬಂದರೆ ದೈವದ ಕಲ್ಲಿನ ಮುಂದೆ ಆಣೆ ಮಾಡಿಸುವುದು ಕ್ರಮ. ದೈವದ ಚಾಕರಿ ನೋಡಿಕೊಳ್ಳುತ್ತಿದ್ದ ಹಿರಿಯರು ಕುಕ್ಕಪ್ಪಣ್ಣ. ಅವರು, "ಇನ್ನೊಂದು ಸಲ ಯೋಚನೆ ಮಾಡು ದುಗ್ಗಪ್ಪ. ಆಣೆ ಹಾಕುದು ಸುಲಭ, ಬಿಡಿಸುದು ಕಷ್ಟ" ಎಂದರು. ನಾನು ಕೇಳಲಿಲ್ಲ. ಹದಿನಾಲ್ಕು ಮನೆಯ ಯಜಮಾನರನ್ನೂ ಸೇರಿಸಿದೆ.

ಸೀತು ಬಂದಳು. ಮಿಂದು, ಒದ್ದೆ ಸೀರೆಯಲ್ಲೇ ಬಂದಳು. ಕಲ್ಲಿನ ಮೇಲೆ ಕೈ ಇಟ್ಟು, "ಇವರ ಹುಳಕ್ಕೆ ನಾನು ಮದ್ದು ಹಾಕಿದ್ದಾದ್ರೆ, ಹಾಕ್ಬೇಕು ಅಂತ ಗ್ರಹಿಸಿದ್ದಾದ್ರೂ, ನನ್ನ ಕಣ್ಣು ಹೋಗ್ಲಿ" ಎಂದಳು. ಮನಸ್ಸಿನಲ್ಲಿ ನೆನೆದಿದ್ದರೂ ಎಂಬ ಆ ಮಾತನ್ನು ಸೇರಿಸಬೇಕೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಆಣೆ ನಡೆದ ಮೇಲೆ ಎರಡು ಕಡೆಯವರು ಒಬ್ಬರ ಮನೆಯ ನೀರು ಇನ್ನೊಬ್ಬರು ಕುಡಿಯಬಾರದು, ಬೆಂಕಿ ತರಬಾರದು, ಕೆಲಸಕ್ಕೆ ಕರೆಯಬಾರದು. ಆಣೆ ಬಿಡಿಸುವವರೆಗೆ ಹೀಗೆಯೇ. ಇಡೀ ಬೈಲು ನನ್ನ ಕಡೆ ನಿಂತದ್ದರಿಂದ ಹದಿನಾಲ್ಕು ಮನೆಯ ಕೆಲಸವೂ ಅವಳಿಗೆ ಒಂದೇ ದಿನದಲ್ಲಿ ಹೋಯಿತು. ಕಲ್ಲುಗುಂಡಿಯ ರಸ್ತೆ ಬದಿಯಲ್ಲಿ ಜಲ್ಲಿ ಒಡೆಯುವ ಕೆಲಸಕ್ಕೆ ದಿನಾ ನಡೆದು ಹೋಗತೊಡಗಿದಳು. ನನ್ನ ತೋಟದ ಮೇಲಿನ ದಾರಿಯಲ್ಲೇ ಹೋಗಬೇಕಿತ್ತು. ಒಂದು ವರ್ಷಕ್ಕಿಂತ ಹೆಚ್ಚು ಕಾಲ ಅವಳು ಹೋಗುವುದನ್ನೂ ಬರುವುದನ್ನೂ ನಾನು ನೋಡಿದ್ದೇನೆ. ತಪ್ಪಿತಸ್ಥೆ ಹೋಗುತ್ತಿದ್ದಾಳೆ ಎಂದೇ ನೋಡಿದ್ದೇನೆ.

ಅವಳು ಬೈಲಿನ ಯಾವ ಮನೆಗೂ ಬಾರದಿದ್ದರೂ ಪೆಟ್ಟಿಗೆಗಳು ಸಾಯುವುದು ನಿಲ್ಲಲಿಲ್ಲ.

ಅರವತ್ತೈದರ ಫೆಬ್ರವರಿಯಲ್ಲಿ ಜೇನು ಇನ್ಸ್‌ಪೆಕ್ಟರ್ ಒಬ್ಬರು ಬಂದರು. ತಿರುಮಲೇಶ್ವರ ಎಂದು ಹೆಸರು, ಸವಣೂರಿನ ಕಡೆಯವರು. ನಾನೇ ಕಾಗದ ಬರೆದು ಕರೆಸಿದ್ದು. ಉಳಿದಿದ್ದ ಒಂಬತ್ತು ಪೆಟ್ಟಿಗೆಗಳನ್ನೂ ಬಿಚ್ಚಿದರು. ಎರಿಯಲ್ಲಿ ನೂರು ಕೋಣೆಗಳ ಒಂದು ಚೌಕಕ್ಕೆ ಬೆಂಕಿಕಡ್ಡಿ ಚುಚ್ಚಿ ಗುರುತು ಮಾಡಿ, ನಾಲ್ಕು ದಿನ ನಮ್ಮ ಮನೆಯಲ್ಲೇ ಉಳಿದರು. ನೂರು ಮೊಟ್ಟೆ ಇತ್ತು. ನಾಲ್ಕನೆಯ ದಿನ ಐವತ್ತೊಂದು ಉಳಿದಿತ್ತು. ಅದನ್ನು ಎಣಿಸಿ ಅವರು ಜಗಲಿಯಲ್ಲಿ ಕುಳಿತರು.

"ನಿಮ್ಮ ಬೈಲಿನಲ್ಲಿ ಬೇರೆ ಬಳಿಯ ಜೇನು ಎಲ್ಲುಂಟು?"

"ಒಂದೂ ಇಲ್ಲ. ಎಲ್ಲ ಮೂರನೆಯದ್ದೇ. ಶುದ್ಧ."

"ಕಾಡಿನಲ್ಲಿ?"

"ಅಲ್ಲಿಯೂ ಬಿಡಲಿಲ್ಲ" ಎಂದೆ. ಹೆಮ್ಮೆಯಿಂದ ಹೇಳಿದೆ. ಅದನ್ನು ನೆನೆದರೆ ಈಗಲೂ ಎದ್ದು ಎಲ್ಲಾದರೂ ಹೋಗಿಬಿಡೋಣ ಎನ್ನಿಸುತ್ತದೆ.

ಅವರು ಕೇಳಿದರು, "ನಿಮ್ಮಲ್ಲಿ ಒಂದೇ ಬಳಿಯವರಿಗೆ ಮದುವೆ ಮಾಡ್ತೀರಾ ಗೌಡ್ರೆ?"

"ಎಂತ ಮಾತು ಮಾರಾಯ್ರೆ. ಅಣ್ಣ ತಂಗಿ ಆಗ್ತದಲ್ಲ."

"ಹುಳಗಳಿಗೆ ನೀವು ಐದು ವರ್ಷದಿಂದ ಅದನ್ನೇ ಮಾಡಿಸ್ತಾ ಇದ್ದೀರಿ."

ಅವರು ಬಿಡಿಸಿ ಹೇಳಿದರು. ರಾಣಿ ಗಂಡಿನ ಬೀಜ ಸೇರಿಸದೆ ಇಟ್ಟ ಮೊಟ್ಟೆ ಗಂಡಾಗುತ್ತದೆ. ಸೇರಿಸಿ ಇಟ್ಟದ್ದು ಹೆಣ್ಣು. ಆದರೆ ಹೆಣ್ಣಾಗಬೇಕಾದರೆ ತಾಯಿಯಿಂದ ಬಂದ ಒಂದು ಗುರುತೂ ತಂದೆಯಿಂದ ಬಂದ ಗುರುತೂ ಬೇರೆ ಬೇರೆ ಇರಬೇಕು. ಎರಡೂ ಒಂದೇ ಆಗಿಬಿಟ್ಟರೆ ಅದು ಹೆಣ್ಣೂ ಅಲ್ಲದೆ ಸರಿಯಾದ ಗಂಡೂ ಅಲ್ಲದೆ ಹುಟ್ಟುತ್ತದೆ. ಮೊಟ್ಟೆ ಒಡೆದ ಕೆಲವೇ ತಾಸಿನಲ್ಲಿ ಕೆಲಸದ ಹುಳಗಳಿಗೆ ಅದು ತಿಳಿದುಹೋಗುತ್ತದೆ, ಅವೇ ಅದನ್ನು ತಿಂದುಬಿಡುತ್ತವೆ. ಯಾವುದೋ ದೇಶದಲ್ಲಿ ಈಚೆಗೆ ಇದನ್ನು ಕಂಡುಹಿಡಿದಿದ್ದಾರಂತೆ.

"ಮದ್ದು ಯಾರು ಹಾಕಿದ್ದು ಅಂತ ಕಾಗದದಲ್ಲಿ ಕೇಳಿದ್ರಿ. ಯಾರೂ ಹಾಕ್ಲಿಲ್ಲ. ಅಕ್ಕಂದಿರು ತಮ್ಮಂದಿರನ್ನು ತಿಂತಾ ಇರುದು, ಅಷ್ಟೇ. ನಿಮ್ಮ ಶುದ್ಧವೇ ಮದ್ದು."

ನನಗೆ ಸಿಟ್ಟು ಬಂತು. "ಹಾಗಾದ್ರೆ ಮೂರನೆಯ ಪೆಟ್ಟಿಗೆ ಇಪ್ಪತ್ತೆಂಟು ರಾತಲು ಕೊಟ್ಟದ್ದು ಸುಳ್ಳಾ? ಒಳ್ಳೆಯ ಬೀಜ ಅಂತ ಒಂದು ಇಲ್ಲವಾ?"

"ಉಂಟು. ಅದು ರಾಣಿಯೊಬ್ಬಳದ್ದೇ ಅಂತ ನಿಮಗೆ ಯಾರು ಹೇಳಿದ್ದು? ರಾಣಿ ಹಾರಿಹೋಗಿ ಹತ್ತು ಹನ್ನೆರಡು ಗಂಡುಗಳನ್ನು ಕೂಡಿ ಬರ್ತಾಳೆ. ಒಂದು ಗೂಡು ಅಂದ್ರೆ ಹನ್ನೆರಡು ಅಪ್ಪಂದಿರ ಮಕ್ಕಳು. ಒಬ್ಬನ ಮಕ್ಕಳು ಚಳಿಯಲ್ಲಿ ಬೇಗ ಏಳುವವು, ಇನ್ನೊಬ್ಬನವು ಕಣಜವನ್ನು ಅಟ್ಟುವವು, ಮತ್ತೊಬ್ಬನವು ಮೇಣದ ಹುಳದ ವಾಸನೆ ಹಿಡಿಯುವವು. ಇದು ಪುಸ್ತಕದಲ್ಲಿ ಇಲ್ಲ, ನನ್ನ ಅಂದಾಜು. ನೀವು ಹುಳ ನೋಡ್ತೀರಿ, ರಾಣಿ ನೋಡ್ತೀರಿ. ಪ್ರಾಣಿ ಯಾವುದು ಕೇಳಿದ್ರೆ ಇಡೀ ಗೂಡೇ ಪ್ರಾಣಿ. ಅದರೊಳಗೆ ಹತ್ತು ತರದವರು ಇದ್ರೇ ಅದು ಬದುಕುದು." ಕೊನೆಗೆ ಕೇಳಿದರು, "ಆ ಮೂರನೆಯದ್ದರಲ್ಲಿ ಎಲ್ಲ ಹುಳವೂ ಒಂದೇ ಬಣ್ಣ ಇತ್ತಾ?"

ಇರಲಿಲ್ಲ. ಕೆಲವು ಹಳದಿ, ಕೆಲವು ಸಣ್ಣ ಕಪ್ಪು. ನಾನು ಅದನ್ನು ಅಂದೇ ಕಂಡಿದ್ದೆ.

"ಹತ್ತಿರದಲ್ಲಿ ಕಪ್ಪು ಜೇನು ಯಾರಲ್ಲಿತ್ತು ಆಗ?"

ಒಳಗಿನಿಂದ ನನ್ನ ಹೆಂಡತಿ ದೇವಮ್ಮ, "ಸೀತುವಿನಲ್ಲಿ" ಎಂದಳು.

ಅವರು ಹೋದ ಮೇಲೆ ದೇವಮ್ಮ ಬೈಯಲಿಲ್ಲ. ಊಟ ಬಡಿಸುವಾಗ, "ಹುಳದ ಸಂಗತಿ ತಿಳೀಲಿಕ್ಕೆ ಸವಣೂರಿಂದ ಜನ ಬರ್ಬೇಕಾಯ್ತು. ಸೀತು ಮದ್ದು ಹಾಕುವವಳಲ್ಲ ಅಂತ ತಿಳೀಲಿಕ್ಕೆ ಯಾರು ಬರ್ಬೇಕಿತ್ತು?" ಎಂದಳು.

ಆಮೇಲೂ ನಾನು ಮೂರು ವಾರ ಸುಮ್ಮನಿದ್ದೆ. ದೇವಮ್ಮನನ್ನೇ ಸೀತುವಿನ ಹತ್ತಿರ ಕಳಿಸಲು ನೋಡಿದೆ. "ಆಣೆ ಹಾಕಿದವರು ನೀವು, ಕಾಲು ನನ್ನದಾ?" ಎಂದಳು. ಕೊನೆಗೆ ಕಲ್ಲುಗುಂಡಿಗೆ ಹೋದೆ. ಸೀತು ರಸ್ತೆ ಬದಿಯಲ್ಲಿ ಗೋಣಿ ಹಾಸಿ ಕುಳಿತು ಕಲ್ಲು ಒಡೆಯುತ್ತಿದ್ದಳು. ಬೆರಳುಗಳಿಗೆ ಚಿಂದಿ ಸುತ್ತಿತ್ತು. ತಪ್ಪಾಯಿತು ಎನ್ನಲು ಹೋದವನು ನಾನು. ಬಾಯಿಂದ ಬಂದದ್ದು ಬೇರೆ.

"ಸೀತು, ಮೇಲಿನ ಕಾಡಿನಲ್ಲಿ ಎಲ್ಲಾದ್ರೂ ಕಪ್ಪು ಜೇನು ಉಂಟಾ? ನಿನಗೆ ಗೊತ್ತಿರ್ಬೇಕು."

ಅವಳು ಸುತ್ತಿಗೆ ಕೆಳಗಿಟ್ಟಳು. ನನ್ನನ್ನು ನೋಡಿ ನಕ್ಕಳು. ಪಕ್ಕದಲ್ಲಿ ಕಲ್ಲು ಒಡೆಯುತ್ತಿದ್ದ ಹವ್ವಮ್ಮ ಎಂಬ ಮುದುಕಿ, "ಯಾರಿವರು?" ಎಂದು ಕೇಳಿದಳು.

"ನಮ್ಮ ಬೈಲಿನವರು. ನನ್ನ ಹುಳಗಳನ್ನು ಕೊಂದು ಮುಗಿಸಿ ಈಗ ಹುಳ ಕೇಳ್ಲಿಕ್ಕೆ ಬಂದಿದ್ದಾರೆ" ಎಂದಳು ಸೀತು.

"ಅಂಗಡಿ ತಪ್ಪಿತು ಅವರಿಗೆ" ಎಂದಳು ಮುದುಕಿ, ತಲೆ ಎತ್ತದೆ.

ನಾನು ಆಗ ಎಲ್ಲವನ್ನೂ ಹೇಳಿದೆ. ಇನ್ಸ್‌ಪೆಕ್ಟರ್ ಹೇಳಿದ್ದು, ಮೂರನೆಯ ಪೆಟ್ಟಿಗೆಯ ಕಪ್ಪು ಹುಳ, ಎಲ್ಲ. ಲಾರಿಗಳು ಹೋಗುತ್ತಿದ್ದವು, ಧೂಳು ಏಳುತ್ತಿತ್ತು. ಸೀತು ಪೂರ್ತಿ ಕೇಳಿದಳು.

"ನನ್ನ ಹುಳದ ಮಕ್ಕಳೇ ಅವು ಹಾಗಾದ್ರೆ" ಎಂದಳು. ಸುತ್ತಿಗೆ ಮತ್ತೆ ಎತ್ತಿಕೊಂಡಳು. "ಮೊದ್ಲು ಆಣೆ ಬಿಡಿಸಿ. ಕಾಡಿನ ಮಾತು ಆಮೇಲೆ."

ಕುಕ್ಕಪ್ಪಣ್ಣನಲ್ಲಿಗೆ ಹೋಗಿ ನಾವು ಮೂವರೇ ಇದ್ದು ಬಿಡಿಸಲು ಆಗುತ್ತದೆಯೇ ಎಂದು ಕೇಳಿದೆ. ಆ ಪ್ರಶ್ನೆಯೂ ನಾಚಿಕೆಗೇಡಿನದ್ದೇ. "ಹಾಕುವಾಗ ಎಷ್ಟು ಜನ ನಿಂತಿದ್ರು?" ಎಂದರು. "ಬಿಡಿಸುವಾಗಲೂ ಅಷ್ಟು ಜನ ಬೇಕು."

ಮಳೆ ಹಿಡಿಯುವ ಮೊದಲು ಒಂದು ದಿನ ಹದಿನಾಲ್ಕು ಮನೆಯವರೂ ದೈವದ ಕಲ್ಲಿನ ಮುಂದೆ ಸೇರಿದರು. ನಾನು ಕಲ್ಲಿನ ಮೇಲೆ ಕೈ ಇಟ್ಟು, "ಗೊತ್ತಿಲ್ಲದೆ ನನ್ನಿಂದ ತಪ್ಪಾಯಿತು" ಎಂದು ಶುರು ಮಾಡಿದೆ.

"ಗೊತ್ತಿಲ್ಲದೆ ಅಂತ ಹೇಳ್ಬೇಡಿ" ಎಂದಳು ಸೀತು. ದೊಡ್ಡ ದನಿಯಲ್ಲಿ ಹೇಳಲಿಲ್ಲ. "ಮೊಟ್ಟೆ ಮಾಯ ಆದದ್ದು ನಿಮಗೆ ಗೊತ್ತಿಲ್ಲದೆ ಇರ್ಬಹುದು. ನನ್ನ ರಾಣಿಗಳನ್ನು ಹೊಸಕಿದ್ದು ಗೊತ್ತಿದ್ದೇ. ನಾನು ಬೇಡ ಹೇಳಿದ್ದೆ. ನನ್ನ ಹೆಸರು ಹೇಳಿದ್ದೂ ಗೊತ್ತಿದ್ದೇ."

ಸಿಟ್ಟು ನೆತ್ತಿಗೇರಿತು. ಆ ಹೊತ್ತಿನಲ್ಲಿಯೂ. ನನ್ನ ನಲವತ್ತಾರು ವರ್ಷದ ಬಾಳಿನಲ್ಲಿ ಒಬ್ಬ ಹೆಂಗಸು ಹತ್ತು ಜನರ ಎದುರು ನನ್ನ ಮಾತು ತಿದ್ದಿದ್ದು ಅದೇ ಮೊದಲು. ಕುಕ್ಕಪ್ಪಣ್ಣ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಕಲ್ಲಿನಿಂದ ಕೈ ತೆಗೆದೆ. ತೆಗೆದು ಮತ್ತೆ ಇಟ್ಟೆ.

"ಅವಳು ಬೇಡ ಅಂದಾಗ ಅವಳ ರಾಣಿಗಳನ್ನು ಕೊಂದೆ. ಅವಳು ಮಲೆಕುಡಿಯಳು, ಕೇಳುವವರಿಲ್ಲ ಅಂತ ಕೊಂದೆ. ನಿಮ್ಮಲ್ಲಿ ಯಾರ ಪೆಟ್ಟಿಗೆಯನ್ನೂ ಕೇಳದೆ ಮುಟ್ಟಲಿಲ್ಲ ನಾನು. ಮದ್ದು ಹಾಕಿದ್ದು ನಾನು ನೋಡಿದ್ದಿಲ್ಲ. ನನ್ನ ಮರ್ಯಾದೆ ಉಳಿಸಲಿಕ್ಕೆ ಅವಳ ಹೆಸರು ಹೇಳಿದೆ."

ಅಂದು ನನ್ನ ಜೊತೆ ಹೊಗೆ ಹಾಕಲು ಬಂದಿದ್ದ ಇಬ್ಬರು ನೆಲ ನೋಡುತ್ತಿದ್ದರು.

ಬಿಡಿಸುವ ಕ್ರಮದಲ್ಲಿ ಕೊನೆಗೆ ಇಬ್ಬರೂ ಒಬ್ಬರ ಕೈಯ ನೀರನ್ನು ಇನ್ನೊಬ್ಬರು ಕುಡಿಯಬೇಕು. ಸೀತು ಮನೆಯಿಂದ ಒಂದು ಚೆಂಬು ತಂದಿದ್ದಳು. ಕೊಟ್ಟಳು, ಕುಡಿದೆ. ನಾನು ನನ್ನ ಚೆಂಬು ಚಾಚಿದೆ. ಅವಳು ಕೈ ಮುಂದೆ ಮಾಡಲಿಲ್ಲ.

"ನಂಗೆ ಬೇಡ."

"ಹಾಗಾದ್ರೆ ಅರ್ಧವೇ ಬಿಟ್ಟ ಹಾಗೆ ಆಗ್ತದೆ, ಸೀತು" ಎಂದರು ಕುಕ್ಕಪ್ಪಣ್ಣ.

"ಅರ್ಧ ಸಾಕು. ಕೆಲಸಕ್ಕೆ ಕರೆಯುವವರು ಕರೀಲಿ, ಬರ್ತೇನೆ. ಜೇನು ಬೇಕಾದವರಿಗೆ ಕಾಡಿನಿಂದ ತಂದು ಕೊಡ್ತೇನೆ. ಇವರ ಮನೆಗೆ ಇಲ್ಲ. ಇವರ ನೀರೂ ಬೇಡ."

ಹಾಗೆಯೇ ಮಾಡಿದಳು. ಮಳೆ ಬಿಟ್ಟ ಮೇಲೆ, ಮೇಲಿನ ಘಾಟಿಯ ಕಡೆ ಅರ್ಧ ದಿನದ ದಾರಿ ನಡೆದು, ಆರು ಗೂಡುಗಳನ್ನು ಮಡಕೆಯಲ್ಲಿ ಇಳಿಸಿ ತಂದಳು. ಕುಕ್ಕಪ್ಪಣ್ಣನ ಮನೆಗೆ ಎರಡು, ಬೇರೆ ಎರಡು ಮನೆಗೆ ಒಂದೊಂದು, ತನ್ನ ಅಂಗಳಕ್ಕೆ ಎರಡು. ಯಾರಿಗೂ ರಾಣಿ ಬದಲಿಸಲು ಬಿಡಲಿಲ್ಲ.

ನನಗೆ ಕೊಡಲಿಲ್ಲ. ಆದರೆ ಗಂಡು ಹುಳಗಳಿಗೆ ಬೇಲಿ ಇಲ್ಲ. ನನ್ನಲ್ಲಿ ಉಳಿದಿದ್ದ ನಾಲ್ಕು ಪೆಟ್ಟಿಗೆಗಳಲ್ಲಿ ಎರಡು ಹೊಸ ರಾಣಿ ಎಬ್ಬಿಸಿದವು, ಆ ರಾಣಿಗಳು ಹಾರಿಹೋಗಿ ಕೂಡಿ ಬಂದವು. ಅರವತ್ತಾರರ ಜನವರಿಯಲ್ಲಿ ಎರಿ ಎತ್ತಿದೆ. ಕೋಣೆಕೋಣೆಯಲ್ಲಿ ಮರಿ, ಒಂದೂ ಖಾಲಿ ಇಲ್ಲ. ಹೊರಬಂದ ಹುಳಗಳಲ್ಲಿ ಹಳದಿಯೂ ಇತ್ತು, ಕಪ್ಪೂ ಇತ್ತು. ಕಪ್ಪು ಹುಳವೊಂದು ಬಂದು ನನ್ನ ಕೆನ್ನೆಗೆ ಕುಟುಕಿತು. ಕೊಡುವುದಿಲ್ಲ ಎಂದವಳ ಹುಳಗಳ ಬೀಜ ಕೇಳದೆ ಬಂದು ನನ್ನ ಪೆಟ್ಟಿಗೆ ತುಂಬಿದೆ. ವಾಪಸು ಕಳಿಸಲು ಬರುವುದಿಲ್ಲ. ಬೇಡ ಎನ್ನಲೂ ಬರುವುದಿಲ್ಲ. ದೇವಮ್ಮ ಬಂದು, "ಹೇಗುಂಟು?" ಎಂದು ಕೇಳಿದಳು. ಮುಚ್ಚಳ ಹಾಕಿ ಒಳಗೆ ಹೋದೆ.

ಆ ವರ್ಷ ತೆಗೆದ ಮೊದಲ ಜೇನನ್ನು ಒಂದು ಭರಣಿಯಲ್ಲಿ ತುಂಬಿ ಕುಕ್ಕಪ್ಪಣ್ಣನ ಕೈಯಲ್ಲಿ ಸೀತುವಿಗೆ ಕಳಿಸಿದೆ. ಸಂಜೆಗೆ ಭರಣಿ ಹಾಗೆಯೇ ತಿರುಗಿ ಬಂತು. ಕಟ್ಟಿದ ಬಟ್ಟೆಯನ್ನೂ ಬಿಚ್ಚಿರಲಿಲ್ಲ.

"ಬೇಡ ಅಂದ್ಲು" ಎಂದರು ಕುಕ್ಕಪ್ಪಣ್ಣ, ಜಗಲಿಯ ಮೇಲೆ ಅದನ್ನು ಇಡುತ್ತಾ. "ಹುಳ ಹೇಗಿದ್ದಾವೆ ಅಂತ ಕೇಳಿದ್ಲು."

"ಚೆನ್ನಾಗಿವೆ ಅಂತ ಹೇಳಿ" ಎಂದೆ. ಮತ್ತೇನಾದರೂ ಹೇಳಿ ಕಳಿಸುತ್ತೇನೋ ಎಂದು ಅವರು ಸ್ವಲ್ಪ ಹೊತ್ತು ನಿಂತರು. ನಾನು ಭರಣಿಯನ್ನು ಎತ್ತಿ ಒಳಗಿಟ್ಟೆ. ಅವರು ಹೋದರು.